ಸ್ನಿಟರ್‌ಫೀಲ್ಡಿನ ರಿಚರ್ಡ್ ಷೇಕ್ಸ್‌ಪಿಯರನ ಮನೆತನ: ಚರ್ಚಿನ ರಿಜಿಸ್ಟರುಗಳೂ ಮರಣಶಾಸನಗಳೂ

೧

ಕನ್ನಡದ ಪ್ರಾಚೀನ ಕವಿಗಳಲ್ಲಿ ಅನೇಕರು ತಮ್ಮ ಹುಟ್ಟನ್ನೂ ಮನೆತನವನ್ನೂ ತಮ್ಮ ಕಾವ್ಯಗಳಲ್ಲಿಯೇ ಹೇಳಿಕೊಂಡಿದ್ದಾರೆ. ಪಂಪನು ವಿಕ್ರಮಾರ್ಜುನವಿಜಯದಲ್ಲಿ ಪೂರ್ವಿಕನಾದ ಮಾಧವಸೋಮಯಾಜಿಯಿಂದ ಮೊದಲುಮಾಡಿ ತನ್ನ ಪಿತೃವಂಶವನ್ನು ವರ್ಣಿಸಿದ್ದಾನೆ; ರನ್ನನು ಅಜಿತಪುರಾಣದಲ್ಲಿ ತಂದೆ ಜಿನವಲ್ಲಭನನ್ನೂ ತಾಯಿ ಅಬ್ಬಲಬ್ಬೆಯನ್ನೂ ಸ್ಮರಿಸಿದ್ದಾನೆ. ಕವಿಯು ಹೇಳದೆ ಉಳಿಸಿದ್ದನ್ನು ಕೆಲವು ವೇಳೆ ಶಾಸನವು ಪೂರೈಸುತ್ತದೆ. ಪಂಪನ ತಾಯಿಯ ಹೆಸರು ಅಬ್ಬಣಬ್ಬೆ ಎಂಬುದು, ಅವನ ಸೋದರ ಜಿನವಲ್ಲಭನು ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಬರೆಯಿಸಿದ ಶಾಸನದಿಂದ ವಿದಿತವಾಗಿದೆ.

ಇಂಗ್ಲೆಂಡಿನ ಮಹಾಕವಿ ವಿಲಿಯಂ ಷೇಕ್ಸ್‌ಪಿಯರನ ವಿಷಯದಲ್ಲಿ ಈ ಅನುಕೂಲವಿಲ್ಲ. ಅವನು ನಾಟಕಗಳಲ್ಲಿಯಾಗಲಿ ಕವನಗಳಲ್ಲಿಯಾಗಲಿ ತನ್ನ ವಂಶವನ್ನು ಹೇಳಿಕೊಂಡಿಲ್ಲ. ಅವನ ಪೂರ್ವಿಕರು ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವಂಥ ರಾಜಪುರುಷರೂ ಅಲ್ಲ. ವಾರಿಕ್‌ಷೈರಿನ ಹಳ್ಳಿಯಲ್ಲಿ ಬೇರೆಯವರ ನೆಲವನ್ನು ಗೇಣಿಗೆ ಹಿಡಿದು ಉಳುತ್ತಿದ್ದ ಒಕ್ಕಲು ಮಕ್ಕಳು. ಹೀಗಿದ್ದರೂ ಕವಿಯ ಅಜ್ಜನಿಂದ ಮೊಮ್ಮಗಳವರೆಗೆ ಐದು ತಲೆಮಾರುಗಳ ಚರಿತ್ರೆ ಬಹುಮಟ್ಟಿಗೆ ನಿಶ್ಚಿತವಾಗಿದೆ. ಇದಕ್ಕೆ ಮುಖ್ಯ ಸಾಧನಗಳು ಎರಡು: ಚರ್ಚಿನ ರಿಜಿಸ್ಟರುಗಳು, ರೂಢಿಯಲ್ಲಿ ಉಯಿಲು ಎನಿಸಿಕೊಳ್ಳುವ ಮರಣಶಾಸನಗಳು. ಇವುಗಳಲ್ಲಿ ಒಂದನ್ನೇ ನೆಚ್ಚಿದಲ್ಲಿ ತಪ್ಪುಗಳು ಹೇಗೆ ನುಸುಳಿದವು, ಎರಡನ್ನೂ ಕೂಡಿಸಿ ಓದಿದಲ್ಲಿ ಏನು ಹೊರಪಟ್ಟಿತು ಎಂಬುದು ಕವಿಚರಿತ್ರೆಯನ್ನು ಬರೆಯುವವರೂ ಬೋಧಿಸುವವರೂ ಗಮನಿಸತಕ್ಕ ವಿಷಯವಾಗಿದೆ.

೨

ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಒಳಪಟ್ಟ ಊರುಕೇರಿಗಳ ಎಲ್ಲೆ. ೧೫೩೮ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು, ಪ್ರತಿಯೊಂದು ಪ್ಯಾರಿಷಿನಲ್ಲಿಯೂ ನಡೆಯುವ ದೀಕ್ಷಾಸ್ನಾನ, ವಿವಾಹ, ಸಮಾಧಿಕ್ರಿಯೆಗಳನ್ನು ವಾರವಾರವೂ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದೂ, ಆ ಪುಸ್ತಕವನ್ನು ಎರಡು ಬೀಗಗಳುಳ್ಳ ಪೆಟ್ಟಿಗೆಯಲ್ಲಿ ಕಾಪಾಡಬೇಕೆಂದೂ ಆಜ್ಞೆಮಾಡಿದನು. ಕಾಗದದ ಪುಸ್ತಕಗಳು ಕಾಲಕ್ರಮದಲ್ಲಿ ಜೀರ್ಣವಾಗುತ್ತಿದ್ದುದರಿಂದ, ಎಲಿಜಬೆತ್ ರಾಣಿಯ ಆಳಿಕೆಯಲ್ಲಿ, ೧೫೯೮ರಲ್ಲಿ, ಹಳೆಯ ದಾಖಲೆಗಳನ್ನು, ವಿಶೇಷವಾಗಿ ರಾಣಿಯು ಪಟ್ಟಕ್ಕೆ ಬಂದ ೧೫೫೮ರಿಂದ ಈಚಿನವನ್ನು, ಚರ್ಮಪತ್ರದ ಮೇಲೆ ನಕಲು ಮಾಡಿಸಬೇಕೆಂದು ಕಟ್ಟಳೆಯಾಯಿತು.

ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನ ರಿಜಿಸ್ಟರು ೧೫೫೮ರ ಮಾರ್ಚಿನಿಂದ ಮೊದಲಾಗುತ್ತದೆ. ಅದರ ಪೂರ್ವಭಾಗವು ೧೬೦೦ರ ಸುಮಾರಿನಲ್ಲಿ ಸಿದ್ಧವಾದ ನಕಲು. ಪುಟಪುಟಕ್ಕೂ ಅಂದಿನ ಪಾದ್ರಿ ರಿಚರ್ಡ್ ಬೈಫೀಲ್ಡನ ರುಜುವಿದೆ. ಕವಿಗೆ ೧೫೬೪ರ ಏಪ್ರಿಲ್ ೨೬ರಂದು ದೀಕ್ಷಾಸ್ನಾನವಾಯಿತೆಂದು ತಿಳಿಸುವ ಪ್ರಸಿದ್ಧ ಪಂಕ್ತಿಯು ಇರುವುದೂ ಈ ನಕಲಿನಲ್ಲಿಯೇ. ಮೂಲಪುಸ್ತಕ ಉಳಿದಿಲ್ಲ. ಓಲೆಗರಿಗಳ ಪಾಠಪರಿಶೋಧನೆಯಲ್ಲಿ ಪಳಗಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಪ್ರತಿಕಾರನ ಕಣ್ಣು ತಪ್ಪಿದರೆ ಒಂದು ಹೆಸರು ಬಿಟ್ಟುಹೋಗಬಹುದು. ಇದರ ಜೊತೆಗೆ ಮತ್ತೊಂದು ಎಚ್ಚರಿಕೆಯೂ ಅಗತ್ಯ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷವು ಮಾರ್ಚ್ ೨೫ಕ್ಕೆ ಹುಟ್ಟುತ್ತಿತ್ತು. ಆದಕಾರಣ ಮೂಲದಲ್ಲಿ ೧೬೦೭ರ ಫೆಬ್ರವರಿಯೆಂದಿರುವುದು ಇಂದಿನ ಎಣಿಕೆಗೆ ೧೬೦೮. ಈ ಲೇಖನದ ತೇದಿಗಳಲ್ಲಿ ವರ್ಷವನ್ನು ಇಂದಿನ ಎಣಿಕೆಯಂತೆಯೇ ಕೊಟ್ಟಿದೆ.

ರಿಜಿಸ್ಟರು ದಿನವನ್ನು ಹೇಳುತ್ತದೆ. ಸಂಬಂಧವನ್ನು ಹೇಳುವುದು ಬಹಳ ಕಡಮೆ. ಸ್ಟ್ರಾಟ್‌ಫರ್ಡಿನ ಪುಸ್ತಕದಲ್ಲಿ ಮಗುವಿನ ಹೆಸರಿನೊಡನೆ ಸಾಮಾನ್ಯವಾಗಿ ತಂದೆಯ ಹೆಸರು ಮಾತ್ರ ಇರುತ್ತದೆ, ತಾಯಿಯ ಹೆಸರಿಲ್ಲ. ಮರಣಶಾಸನದ ಸ್ವಭಾವವು ಇದಕ್ಕೆ ವಿಪರೀತವಾದದ್ದು. ಅದರಲ್ಲಿ ಮಗಳು, ತಂಗಿ, ಆಳು, ನೆರೆಯವ ಎಲ್ಲರೂ ಕಾಣಿಸಿಕೊಳ್ಳುತ್ತಾರೆ. ಆದರೆ ಅವರು ಹುಟ್ಟಿದ ದಿನವನ್ನು ಅದು ಹೇಳುವುದಿಲ್ಲ, ಮೊದಲೇ ತೀರಿಕೊಂಡವರನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ.

೩

ನಿಶ್ಚಿತವಾಗಿ ತಿಳಿದಿರುವ ಮೂಲಪುರುಷನು ಸ್ಟ್ರಾಟ್‌ಫರ್ಡಿನಿಂದ ಉತ್ತರಕ್ಕೆ ಕೆಲವು ಮೈಲಿಗಳ ದೂರದ ಸ್ನಿಟರ್‌ಫೀಲ್ಡಿನಲ್ಲಿದ್ದ ರಿಚರ್ಡ್ ಷೇಕ್ಸ್‌ಪಿಯರ್. ೧೫೨೯ರ ವೇಳೆಗೆ ಅವನ ಹೆಸರು ಜಮೀನ್ದಾರಿ ನ್ಯಾಯಸಭೆಯ ಕಡತದಲ್ಲಿ ಕಾಣಿಸುತ್ತದೆ. ಅವನು ಮರಣಶಾಸನವನ್ನು ಬರೆಯಲಿಲ್ಲ. ಅವನು ತೀರಿಕೊಂಡ ಮೇಲೆ, ೧೫೬೧ರ ಫೆಬ್ರವರಿ ೧೦ರಂದು, ವೂಸ್ಟರಿನ ಧರ್ಮಾಧ್ಯಕ್ಷರ ನ್ಯಾಯಾಲಯವು ಅವನ ಆಸ್ತಿಯ ಆಡಳಿತವನ್ನು ಜಾನ್ ಷೇಕ್ಸ್‌ಪಿಯರನಿಗೆ ವಹಿಸಿತು. ಆಸ್ತಿಯ ಬೆಲೆ ೩೮ ಪೌಂಡು ೧೭ ಷಿಲಿಂಗು.

ಇಲ್ಲಿ ಒಂದು ತೊಡಕಿದೆ. ಆ ಪತ್ರದಲ್ಲಿ ಜಾನನನ್ನು ಸ್ನಿಟರ್‌ಫೀಲ್ಡಿನ ಬೇಸಾಯಗಾರನೆಂದು ಕರೆದಿದೆ. ಕವಿಯ ತಂದೆಯಾದ ಜಾನನಾದರೋ ೧೫೫೨ರಲ್ಲಿಯೇ ಸ್ಟ್ರಾಟ್‌ಫರ್ಡಿನ ಹೆನ್ಲಿ ಬೀದಿಯಲ್ಲಿದ್ದನು. ಬೀದಿಯಲ್ಲಿ ತಿಪ್ಪೆ ಹಾಕಿದ್ದಕ್ಕಾಗಿ ಆ ವರ್ಷದ ಏಪ್ರಿಲಿನಲ್ಲಿ ದಂಡ ತೆತ್ತನು. ಅವನ ಕಸುಬು ಚರ್ಮದ ಕೈಗವಸುಗಳನ್ನು ಮಾಡುವುದು. ಹಳ್ಳಿಯ ಬೇಸಾಯಗಾರನೂ ಪಟ್ಟಣದ ಕಸುಬುದಾರನೂ ಒಬ್ಬನೇ ಎಂಬುದಕ್ಕೆ ಪ್ರಮಾಣವೇನು? ಪ್ರಮಾಣವು ಒಂದು ಸಾಲದ ವ್ಯಾಜ್ಯದಲ್ಲಿ ದೊರೆಯುತ್ತದೆ. ೧೫೮೭ರಲ್ಲಿ ನಿಕೊಲಸ್ ಲೇನ್ ಎಂಬವನು ಸ್ಟ್ರಾಟ್‌ಫರ್ಡಿನ ಜಾನನ ಮೇಲೆ ದಾವೆ ಹೂಡಿದನು. ಹೆನ್ರಿ ಷೇಕ್ಸ್‌ಪಿಯರನ ಸಾಲಕ್ಕೆ ಜಾನನು ಹೊಣೆಯಾಗಿದ್ದನೆಂಬುದು ಅವನ ವಾದ. ಆ ದಾವೆಯ ಪತ್ರದಲ್ಲಿ ಹೆನ್ರಿಯು ಜಾನನ ಸೋದರನೆಂದು ಸ್ಪಷ್ಟವಾಗಿ ಹೇಳಿದೆ. ಹೆನ್ರಿಯು ಸ್ನಿಟರ್‌ಫೀಲ್ಡಿನ ಬೇಸಾಯಗಾರ. ೧೫೯೬ರ ಡಿಸೆಂಬರಿನಲ್ಲಿ ಅಲ್ಲಿಯೇ ಅವನ ಸಮಾಧಿಯಾಯಿತು. ಹೀಗೆ ಪಟ್ಟಣದ ಜಾನನು ಹಳ್ಳಿಯ ಮನೆತನದವನೇ ಎಂಬುದು ಸಿದ್ಧವಾಗುತ್ತದೆ.

ಮತ್ತೊಂದು ಪತ್ರವು ಇದನ್ನು ಬಲಪಡಿಸುತ್ತದೆ. ವಿಲ್ಮ್‌ಕೋಟಿನ ರಾಬರ್ಟ್ ಆರ್ಡನ್ನನು ೧೫೫೦ರ ಜುಲೈ ೧೭ರಂದು ತನ್ನ ಹೆಣ್ಣುಮಕ್ಕಳ ಹಿತಕ್ಕಾಗಿ ಆಸ್ತಿಯ ಏರ್ಪಾಟೊಂದನ್ನು ಮಾಡಿದನು. ಅದರಲ್ಲಿ ಸ್ನಿಟರ್‌ಫೀಲ್ಡಿನ ಒಂದು ಮನೆ ಹೊಲಗಳ ಗೇಣಿದಾರನಾಗಿ ರಿಚರ್ಡ್ ಷೇಕ್ಸ್‌ಪಿಯರನ ಹೆಸರಿದೆ. ಅದೇ ಆರ್ಡನ್ನನು ೧೫೫೬ರ ನವೆಂಬರ್ ೨೪ರಂದು ಬರೆದ ಮರಣಶಾಸನದಲ್ಲಿ ಕಿರಿಯ ಮಗಳಾದ ಮೇರಿಗೆ ವಿಲ್ಮ್‌ಕೋಟಿನಲ್ಲಿ ಆಸ್ಬೀಸ್ ಎಂಬ ಭೂಮಿಯನ್ನೂ ಅದರ ಮೇಲಣ ಬೆಳೆಯನ್ನೂ ೧೦ ಮಾರ್ಕು ಹಣವನ್ನೂ ಕೊಟ್ಟನು. ಈ ಮೇರಿಯೇ ಕವಿಯ ತಾಯಿ. ಜಾನನು ಕೈಹಿಡಿದದ್ದು ತಂದೆಯ ಧಣಿಯ ಮಗಳನ್ನು.

ಅವರ ವಿವಾಹದ ದಾಖಲೆ ಸಿಕ್ಕಿಲ್ಲ. ಆದರೂ ಕಾಲವನ್ನು ನಿರ್ಣಯಿಸಬಹುದು. ೧೫೫೬ರ ನವೆಂಬರಿನಲ್ಲಿ ತಂದೆಯ ಮರಣಶಾಸನವು ಮೇರಿಯನ್ನು ಅವಿವಾಹಿತೆಯಂತೆ ಕಾಣಿಸುತ್ತದೆ. ೧೫೫೮ರ ಸೆಪ್ಟೆಂಬರ್ ೧೫ರಂದು ಸ್ಟ್ರಾಟ್‌ಫರ್ಡಿನ ರಿಜಿಸ್ಟರಿನಲ್ಲಿ ಮೊದಲ ಮಗು ಜೋನಳ ದೀಕ್ಷಾಸ್ನಾನ ದಾಖಲಾಗಿದೆ. ಈ ಎರಡು ಅವಧಿಗಳ ನಡುವೆ, ೧೫೫೭ರ ಸುಮಾರಿನಲ್ಲಿ, ವಿವಾಹವಾಗಿರಬೇಕು. ಮೇಲಿನ ಎಲ್ಲೆಯನ್ನು ಉಯಿಲು ಹಾಕಿಕೊಟ್ಟಿತು, ಕೆಳಗಿನದನ್ನು ರಿಜಿಸ್ಟರು.

ರಿಚರ್ಡನಿಂದ ಆಚೆಗೆ ಹೋಗಲು ಮನೆತನದವರೇ ಒಮ್ಮೆ ಪ್ರಯತ್ನಿಸಿದ್ದುಂಟು. ೧೫೯೬ರಲ್ಲಿ ಜಾನನ ಹೆಸರಿನಲ್ಲಿ ವಂಶಲಾಂಛನಕ್ಕೆ ಅರ್ಜಿ ಹೋದಾಗ, ಅವನ ಪೂರ್ವಿಕರು ಏಳನೆಯ ಹೆನ್ರಿಗೆ ಪರಾಕ್ರಮದಿಂದ ಸೇವೆ ಸಲ್ಲಿಸಿ ಬಹುಮಾನ ಪಡೆದರೆಂದು ಲಾಂಛನಾಧಿಕಾರಿಗಳ ಕರಡಿನಲ್ಲಿ ಬರೆಯಲಾಯಿತು. ಇದನ್ನು ಸಮರ್ಥಿಸುವ ಸಮಕಾಲೀನ ದಾಖಲೆ ಯಾವುದೂ ದೊರೆತಿಲ್ಲ. ಅರಸನ ಮೆಚ್ಚುಗೆಯ ಮಾತು ಸಾಕ್ಷ್ಯವಿಲ್ಲದೆ ನಿಂತಿದೆ. ಗೇಣಿಯ ಮಾತಿಗೆ ಪತ್ರದ ಆಧಾರವಿದೆ.

೪

ಸ್ಟ್ರಾಟ್‌ಫರ್ಡಿನ ರಿಜಿಸ್ಟರಿನಿಂದ ಜಾನ್ ಮೇರಿಯರ ಮಕ್ಕಳ ಪಟ್ಟಿಯನ್ನು ತೆಗೆಯುವುದು ಸುಲಭವೆಂದು ತೋರಬಹುದು. ಆದರೆ ಕವಿಯ ಮೊದಲ ಚರಿತ್ರಕಾರನೆನಿಸಿದ ನಿಕೊಲಸ್ ರೋ ೧೭೦೯ರಲ್ಲಿ ಜಾನನಿಗೆ ೧೦ ಮಂದಿ ಮಕ್ಕಳೆಂದು ಬರೆದನು. ನಿಜವಾಗಿ ಇದ್ದವರು ೮ ಮಂದಿ. ಅದೇ ಪಟ್ಟಣದಲ್ಲಿ ಪಾದರಕ್ಷೆ ಹೊಲಿಯುವ ಮತ್ತೊಬ್ಬ ಜಾನ್ ಷೇಕ್ಸ್‌ಪಿಯರನಿದ್ದನು. ಅವನ ಮಕ್ಕಳಾದ ಉರ್ಸುಲ, ಹಂಫ್ರಿ, ಫಿಲಿಪ್ ಎಂಬವರ ದೀಕ್ಷಾಸ್ನಾನಗಳು ೧೫೮೯ರಿಂದ ೧೫೯೧ರವರೆಗೆ ಅದೇ ಪುಸ್ತಕದಲ್ಲಿವೆ. ರೋ ಕೊಟ್ಟ ಸಂಖ್ಯೆಗೆ ಈ ಬೆರಕೆಯೇ ಕಾರಣವಾಗಿರಬೇಕು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎಡ್ಮಂಡ್ ಮೆಲೋನನು ರಿಜಿಸ್ಟರನ್ನು ಸೂಕ್ಷ್ಮವಾಗಿ ಪರೀಕ್ಷಿಸಿ ಇಬ್ಬರನ್ನೂ ಬೇರ್ಪಡಿಸಿದನು. ಬೇರ್ಪಡಿಸುವ ಗುರುತು ಒಂದು ಸಣ್ಣ ಗೌರವಪದ. ಕೈಗವಸಿನ ಜಾನನು ೧೫೬೮ರಲ್ಲಿ ನಗರಸಭೆಯ ಮುಖ್ಯಾಧಿಕಾರಿಯಾದನು. ಆ ಬಳಿಕ ೧೫೭೧ರಲ್ಲಿ ಆನ್, ೧೫೭೪ರಲ್ಲಿ ರಿಚರ್ಡ್, ೧೫೮೦ರಲ್ಲಿ ಎಡ್ಮಂಡ್ ಹುಟ್ಟಿದಾಗ ರಿಜಿಸ್ಟರು ತಂದೆಯ ಹೆಸರಿನ ಹಿಂದೆ ‘ಮಾಸ್ಟರ್’ ಎಂಬ ಬಿರುದನ್ನು ಸೇರಿಸಿದೆ. ೧೬೦೧ರ ಸೆಪ್ಟೆಂಬರ್ ೮ರಂದು ಅವನ ಸಮಾಧಿಯಾದಾಗಲೂ ಅದನ್ನು ಬಿಟ್ಟಿಲ್ಲ. ಪಾದರಕ್ಷೆಯ ಜಾನನಿಗೆ ಆ ಗೌರವವಿಲ್ಲ. ಹೆಸರು ಒಂದೇ ಆಗಿರುವ ಕವಿಗಳನ್ನು ಬಿರುದುಗಳಿಂದಲೂ ಗುರುಪರಂಪರೆಯಿಂದಲೂ ಬಿಡಿಸುವ ಪದ್ಧತಿ ಕನ್ನಡ ವಿದ್ವಾಂಸರಿಗೆ ಪರಿಚಿತವಾದದ್ದೇ.

ರಿಜಿಸ್ಟರಿನ ಮೌನದಿಂದಲೂ ಕೆಲವು ಸಂಗತಿಗಳನ್ನು ತಿಳಿಯಬಹುದು. ೧೫೫೮ರಲ್ಲಿ ಜೋನ್ ಎಂಬ ಮಗಳಿಗೆ ದೀಕ್ಷಾಸ್ನಾನವಾಯಿತು. ೧೫೬೯ರ ಏಪ್ರಿಲ್ ೧೫ರಂದು ಮತ್ತೊಬ್ಬ ಮಗಳಿಗೂ ಜೋನ್ ಎಂದೇ ಹೆಸರಿಟ್ಟರು. ಮೊದಲನೆಯವಳ ಸಮಾಧಿ ಪುಸ್ತಕದಲ್ಲಿಲ್ಲ. ಆದರೂ ಅವಳು ಅಷ್ಟರಲ್ಲಿಯೇ ತೀರಿಕೊಂಡಿದ್ದಳೆಂಬುದು ಎರಡನೆಯ ನಾಮಕರಣದಿಂದ ಊಹ್ಯವಾಗುತ್ತದೆ. ಎರಡನೆಯ ಮಗಳು ಮಾರ್ಗರೆಟ್ಟಳಿಗೆ ೧೫೬೨ರ ಡಿಸೆಂಬರ್ ೨ರಂದು ದೀಕ್ಷಾಸ್ನಾನವಾಯಿತು. ೧೫೬೩ರ ಏಪ್ರಿಲ್ ೩೦ರಂದು ಅವಳನ್ನು ಮಣ್ಣುಮಾಡಿದರು. ವಿಲಿಯಂ ಹುಟ್ಟಿದ ಮನೆ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡ ಮನೆಯಾಗಿದ್ದಿರಬೇಕು.

೫

ಕವಿಯ ಪತ್ನಿಯ ಗುರುತನ್ನು ಸ್ಥಾಪಿಸುವುದು ಇನ್ನೂ ಕಠಿನವಾದ ಕೆಲಸ. ಅವರ ವಿವಾಹವನ್ನು ದಾಖಲಿಸಿದ ಪ್ಯಾರಿಷ್ ರಿಜಿಸ್ಟರು ದೊರೆತಿಲ್ಲ. ೧೫೮೩ರ ಮೇ ೨೬ರಂದು ಸುಸಾನಳಿಗೂ ೧೫೮೫ರ ಫೆಬ್ರವರಿ ೨ರಂದು ಅವಳಿಮಕ್ಕಳಾದ ಹ್ಯಾಮ್ನೆಟ್ ಜೂಡಿತ್ತರಿಗೂ ದೀಕ್ಷಾಸ್ನಾನವಾದಾಗ ತಂದೆಯ ಹೆಸರನ್ನಷ್ಟೆ ಬರೆಯಲಾಯಿತು. ಕವಿಯ ಮರಣಶಾಸನದಲ್ಲಿ ‘ನನ್ನ ಹೆಂಡತಿ’ ಎಂದಿದೆಯೇ ಹೊರತು ಹೆಸರಿಲ್ಲ. ೧೬೨೩ರ ಆಗಸ್ಟಿನಲ್ಲಿ ಆಕೆಯ ಸಮಾಧಿಯಾದಾಗಲೂ ರಿಜಿಸ್ಟರು ಶ್ರೀಮತಿ ಷೇಕ್ಸ್‌ಪಿಯರ್ ಎಂದಿಷ್ಟೇ ಹೇಳಿ ಸುಮ್ಮನಾಗುತ್ತದೆ.

ವೂಸ್ಟರಿನಲ್ಲಿ ಎರಡು ಬರಹಗಳಿವೆ. ೧೫೮೨ರ ನವೆಂಬರ್ ೨೭ರ ಪರವಾನಗಿಯ ದಾಖಲೆಯಲ್ಲಿ ವಧುವು ಟೆಂಪಲ್ ಗ್ರಾಫ್ಟನ್ನಿನ ಆನ್ ವೇಟ್ಲಿ. ಮರುದಿನದ ೪೦ ಪೌಂಡುಗಳ ಜಾಮೀನುಪತ್ರದಲ್ಲಿ ಆಕೆ ಸ್ಟ್ರಾಟ್‌ಫರ್ಡಿನ ಆನ್ ಹ್ಯಾಥವೇ. ಇದರ ಮೇಲೆ ಕೆಲವರು ಇಬ್ಬರು ಕನ್ಯೆಯರನ್ನೂ ಒಂದು ಪ್ರೇಮಕಥೆಯನ್ನೂ ಕಲ್ಪಿಸಿಕೊಂಡರು. ಅದೇ ದಿನಗಳಲ್ಲಿ ಆ ನ್ಯಾಯಾಲಯದ ಮುಂದೆ ವೇಟ್ಲಿ ಎಂಬವನ ವ್ಯಾಜ್ಯವಿದ್ದುದನ್ನು ೧೯೦೫ರಲ್ಲಿ ಜೋಸೆಫ್ ಗ್ರೇ ತೋರಿಸಿಕೊಟ್ಟ ಮೇಲೆ, ಇದು ಗುಮಾಸ್ತನ ಕೈತಪ್ಪೆಂಬ ಅಭಿಪ್ರಾಯವೇ ಪ್ರಬಲವಾಗಿದೆ.

ಮರಣಶಾಸನಗಳನ್ನು ಈಗ ಜೋಡಿಸಿ ನೋಡಬೇಕು. ಷಾಟರಿಯ ರಿಚರ್ಡ್ ಹ್ಯಾಥವೇ ೧೫೮೧ರ ಸೆಪ್ಟೆಂಬರ್ ೧ರಂದು ಬರೆದ ಉಯಿಲಿನಲ್ಲಿ ಮಗಳು ಆಗ್ನೆಸ್ಸಳಿಗೆ ಮದುವೆಯ ದಿನ ೬ ಪೌಂಡು ೧೩ ಷಿಲಿಂಗು ೪ ಪೆನ್ಸು ಕೊಡತಕ್ಕದ್ದೆಂದಿದೆ. (೧೦ ಮಾರ್ಕುಗಳ ಬೆಲೆಯೂ ಇಷ್ಟೇ, ಮೇರಿ ಆರ್ಡನ್ನಳಿಗೆ ಅವಳ ತಂದೆ ಬಿಟ್ಟ ಹಣವೂ ಇದೇ ಮೊತ್ತ.) ಆಗ್ನೆಸ್, ಆನ್ ಎಂಬ ಹೆಸರುಗಳನ್ನು ಆ ಕಾಲದಲ್ಲಿ ಒಂದಕ್ಕೆ ಬದಲು ಮತ್ತೊಂದಾಗಿ ಬಳಸುತ್ತಿದ್ದರು. ಆದರೆ ಉಚ್ಚಾರಣೆಯ ಹೋಲಿಕೆಯೊಂದರಿಂದಲೇ ಇಬ್ಬರನ್ನೂ ಒಬ್ಬಳೆನ್ನುವುದು ಯುಕ್ತವಲ್ಲ. ಗಟ್ಟಿಯಾದ ಪ್ರಮಾಣವು ಉಯಿಲಿನ ಅಂಚಿನಲ್ಲಿರುವ ಜನರಿಂದ ಬರುತ್ತದೆ. ೧೫೮೨ರ ಜಾಮೀನುಪತ್ರಕ್ಕೆ ಹೊಣೆಯಾದ ಇಬ್ಬರು ಫುಲ್ಕ್ ಸ್ಯಾಂಡೆಲ್ಸ್, ಜಾನ್ ರಿಚರ್ಡ್‌ಸನ್. ಮೊದಲನೆಯವನು ರಿಚರ್ಡ್ ಹ್ಯಾಥವೇಯ ಉಯಿಲಿಗೆ ಮೇಲ್ವಿಚಾರಕ; ಎರಡನೆಯವನು ಅದಕ್ಕೆ ಸಾಕ್ಷಿ. ಸತ್ತ ಗೆಳೆಯನ ಮಗಳ ಮದುವೆಗೆ ಅವರು ನಿಂತರು.

ಅದೇ ಉಯಿಲಿನಲ್ಲಿ ಹ್ಯಾಥವೇಯು ತನ್ನ ಕುರಿಗಾಹಿ ಥಾಮಸ್ ವಿಟಿಂಗ್‌ಟನ್ನನಿಗೆ ಕೊಡಬೇಕಾದ ಸಾಲವನ್ನು ಹೇಳಿದ್ದಾನೆ. ಇಪ್ಪತ್ತು ವರ್ಷಗಳ ತರುವಾಯ, ೧೬೦೧ರಲ್ಲಿ, ಆ ಕುರಿಗಾಹಿಯೂ ಉಯಿಲು ಬರೆದನು. ವಿಲಿಯಂ ಷೇಕ್ಸ್‌ಪಿಯರನ ಹೆಂಡತಿ ಆನ್ ಷೇಕ್ಸ್‌ಪಿಯರಳ ಕೈಯಲ್ಲಿರುವ ತನ್ನ ೪೦ ಷಿಲಿಂಗುಗಳನ್ನು ಸ್ಟ್ರಾಟ್‌ಫರ್ಡಿನ ಬಡವರಿಗೆ ಕೊಡಬೇಕೆಂದು ಅದರಲ್ಲಿ ಬರೆಯಿಸಿದನು. ರಿಜಿಸ್ಟರು ನುಂಗಿದ ಹೆಸರನ್ನು, ಗಂಡನು ತನ್ನ ಉಯಿಲಿನಲ್ಲಿ ಬರೆಯದ ಹೆಸರನ್ನು, ತೌರುಮನೆಯ ಕುರಿ ಕಾದವನು ಉಳಿಸಿದ್ದಾನೆ. ಆಕೆ ತೀರಿಕೊಂಡಾಗ ೬೭ ವರ್ಷದವಳೆಂದು ಗೋರಿಯ ಫಲಕವು ಹೇಳುತ್ತದೆ. ಅದರಂತೆ ಹುಟ್ಟಿದ್ದು ೧೫೫೬ರ ಸುಮಾರಿನಲ್ಲಿ, ರಿಜಿಸ್ಟರು ತೊಡಗುವುದಕ್ಕೆ ಮುಂಚೆ.

೬

ಕವಿಯ ಮರಣಶಾಸನಕ್ಕೆ ೧೬೧೬ರ ಮಾರ್ಚ್ ೨೫ರ ತೇದಿಯಿದೆ. ಏಪ್ರಿಲ್ ೨೫ರಂದು ಅವನ ಸಮಾಧಿಯಾಯಿತು. ಅವನ ಒಬ್ಬನೇ ಮಗ ಹ್ಯಾಮ್ನೆಟ್ ೧೫೯೬ರ ಆಗಸ್ಟಿನಲ್ಲಿಯೇ ತೀರಿಕೊಂಡಿದ್ದನು. ತಮ್ಮಂದಿರಲ್ಲಿ ನಟನಾಗಿದ್ದ ಎಡ್ಮಂಡನು ೧೬೦೭ರ ಡಿಸೆಂಬರಿನಲ್ಲಿ ಲಂಡನ್ನಿನ ಸೌತ್‌ವರ್ಕಿನಲ್ಲಿ ಮಣ್ಣಾದನು. ಗಿಲ್ಬರ್ಟನು ೧೬೧೨ರಲ್ಲಿ, ರಿಚರ್ಡನು ೧೬೧೩ರಲ್ಲಿ ಅಣ್ಣನಿಗಿಂತ ಮುಂಚೆ ಹೋದರು. ಉಯಿಲು ಸೋದರರ ಮಾತೆತ್ತದಿರುವುದರ ಕಾರಣವನ್ನು ರಿಜಿಸ್ಟರುಗಳು ಹೀಗೆ ವಿವರಿಸುತ್ತವೆ. ಉಳಿದವಳು ತಂಗಿ ಜೋನ್ ಒಬ್ಬಳು.

ಉಯಿಲಿನ ಮಾತುಗಳನ್ನು ಇಂದಿನ ಅರ್ಥದಲ್ಲಿ ತೆಗೆದುಕೊಳ್ಳಲಾಗದು. ಅದರಲ್ಲಿ ಎಲಿಜಬೆತ್ ಹಾಲ್ ಎಂಬವಳನ್ನು ಕರೆದಿರುವ ಇಂಗ್ಲಿಷ್ ಪದಕ್ಕೆ ಈಗ ಸೋದರ ಸೋದರಿಯರ ಮಗಳೆಂದು ಅರ್ಥ. ರಿಜಿಸ್ಟರಿನಂತೆ ಸುಸಾನಳು ವೈದ್ಯ ಜಾನ್ ಹಾಲನನ್ನು ಮದುವೆಯಾದದ್ದು ೧೬೦೭ರ ಜೂನ್ ೫. ಎಲಿಜಬೆತ್ತಳ ದೀಕ್ಷಾಸ್ನಾನ ೧೬೦೮ರ ಫೆಬ್ರವರಿ ೨೧. ಆಕೆ ಕವಿಯ ಮೊಮ್ಮಗಳು. ಆ ಪದವು ಅಂದು ಮೊಮ್ಮಗಳಿಗೂ ಸಲ್ಲುತ್ತಿತ್ತು.

ಕವಿಯು ಆಸ್ತಿಯ ಬಹುಭಾಗವನ್ನು ಸುಸಾನಳಿಗೂ ಆಕೆಯ ಗಂಡುಸಂತತಿಗೂ ಕಟ್ಟಿಟ್ಟನು. ಆ ಗಂಡುಸಂತತಿ ಹುಟ್ಟಲಿಲ್ಲ. ಜೂಡಿತ್ತಳ ಮೂವರು ಗಂಡುಮಕ್ಕಳಲ್ಲಿ ಷೇಕ್ಸ್‌ಪಿಯರ್ ಎಂದೇ ಹೆಸರಿಟ್ಟಿದ್ದ ಮೊದಲನೆಯವನು ೧೬೧೭ರಲ್ಲಿ ಕೂಸಾಗಿಯೇ ತೀರಿಕೊಂಡನು. ಉಳಿದ ಇಬ್ಬರು ೧೬೩೯ರ ಆರಂಭದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಕಣ್ಮರೆಯಾದರು.

ಜೋನಳಿಗೆ ೨೦ ಪೌಂಡುಗಳನ್ನೂ ತನ್ನ ಉಡುಪುಗಳನ್ನೂ, ಹೆನ್ಲಿ ಬೀದಿಯ ಮನೆಯಲ್ಲಿ ವರ್ಷಕ್ಕೆ ೧೨ ಪೆನ್ಸು ಬಾಡಿಗೆಗೆ ಜೀವಮಾನ ವಾಸಮಾಡುವ ಹಕ್ಕನ್ನೂ ಕವಿಯು ಕೊಟ್ಟನು. ಆಕೆಯ ಮೂವರು ಗಂಡುಮಕ್ಕಳಿಗೆ ತಲೆಗೆ ೫ ಪೌಂಡು. ವಿಲಿಯಂ ಹಾರ್ಟ್ ಎಂದು ಬರೆದಿದೆ. ಮೈಕೇಲ್ ಹಾರ್ಟ್ ಎಂದು ಬರೆದಿದೆ. ಇಬ್ಬರ ನಡುವೆ ಹಾರ್ಟ್ ಎಂಬ ಮನೆತನದ ಹೆಸರಿನ ಹಿಂದೆ ಜಾಗ ಬಿಟ್ಟಿದೆ. ಒಬ್ಬ ಸೋದರಳಿಯನ ಹೆಸರು ಆ ಗಳಿಗೆಯಲ್ಲಿ ಹೇಳುವವನಿಗೂ ಬರೆಯುವವನಿಗೂ ಒದಗಲಿಲ್ಲ, ಮುಂದೆಯೂ ತುಂಬಲಿಲ್ಲ.

ಖಾಲಿ ಬಿಟ್ಟ ಆ ಜಾಗವನ್ನು ಸ್ಟ್ರಾಟ್‌ಫರ್ಡಿನ ರಿಜಿಸ್ಟರು ತುಂಬುತ್ತದೆ: ೧೬೦೫ರ ಜುಲೈ ೨೪, ಥಾಮಸ್ ಹಾರ್ಟ್. ಉಯಿಲು ಬರೆದಾಗ ಅವನು ಹತ್ತು ವರ್ಷದ ಹುಡುಗ.

ಕವಿಯ ವಂಶದ ಕೊನೆಯ ಕುಡಿಯಾದ ಎಲಿಜಬೆತ್, ಎರಡನೆಯ ವಿವಾಹದಿಂದ ಲೇಡಿ ಬರ್ನಾರ್ಡ್ ಎನಿಸಿಕೊಂಡವಳು, ೧೬೭೦ರ ಜನವರಿ ೨೯ರಂದು ತನ್ನ ಮರಣಶಾಸನವನ್ನು ಬರೆಯಿಸಿದಳು. ಮಕ್ಕಳಿಲ್ಲದ ಆಕೆಯು ಹೆನ್ಲಿ ಬೀದಿಯ ಮನೆಗಳನ್ನು ಥಾಮಸ್ ಹಾರ್ಟನ ಮ‌ಗನಾದ ಮತ್ತೊಬ್ಬ ಥಾಮಸನಿಗೆ ಕೊಟ್ಟು, ಅವನಿಗೆ ಸಂತತಿಯಿಲ್ಲದಿದ್ದರೆ ಅವನ ತಮ್ಮ ಜಾರ್ಜನಿಗೆ ಸಲ್ಲತಕ್ಕದ್ದೆಂದಳು. ಅಜ್ಜಿಯ ತೌರಾದ ಹ್ಯಾಥವೇ ಮನೆತನದ ಹೆಣ್ಣುಮಕ್ಕಳಿಗೂ ಹಣ ಬಿಟ್ಟಳು. ಫೆಬ್ರವರಿಯಲ್ಲಿ ಆಕೆಯ ಸಮಾಧಿಯಾಯಿತು. ಕವಿಯ ನೇರವಾದ ಸಂತತಿ ಅಲ್ಲಿಗೆ ಮುಗಿಯಿತು. ಹಾರ್ಟ್ ಮನೆತನವಾದರೋ ಕವಿ ಹುಟ್ಟಿದ ಮನೆಯನ್ನು ೧೮೦೬ರಲ್ಲಿ ಮಾರುವವರೆಗೂ ಉಳಿಸಿಕೊಂಡು ಬಂದಿತು. ಸ್ನಿಟರ್‌ಫೀಲ್ಡಿನ ರಿಚರ್ಡನ ರಕ್ತಸಂಬಂಧವು ಹೆನ್ಲಿ ಬೀದಿಯಲ್ಲಿ ಮುಂದುವರಿದದ್ದು ಉಯಿಲಿನಲ್ಲಿ ಹೆಸರು ಬಿಟ್ಟುಹೋದ ಹುಡುಗನ ಮೂಲಕ.

೭

ಮೇಲೆ ವಿವರಿಸಿದ ಸಂಗತಿಗಳಿಂದ ಮೂರು ವಿಷಯಗಳು ಸ್ಥಿರಪಡುತ್ತವೆ. ಮೊದಲನೆಯದು, ಹೆಸರಿನ ಸಾಮ್ಯದಿಂದ ವ್ಯಕ್ತಿಯ ಐಕ್ಯವು ಸಿದ್ಧವಾಗುವುದಿಲ್ಲ. ಹೆಸರಿನ ಭೇದದಿಂದ ವ್ಯಕ್ತಿಭೇದವೂ ಸಿದ್ಧವಾಗುವುದಿಲ್ಲ. ಇಬ್ಬರು ಜಾನರೂ, ಆಗ್ನೆಸ್ ಆನ್ ಎಂಬ ಎರಡು ಹೆಸರುಗಳ ಒಬ್ಬಳೂ ಇದಕ್ಕೆ ನಿದರ್ಶನ. ಎರಡನೆಯದು, ದಾಖಲೆಯಲ್ಲಿ ಮುಖ್ಯ ವ್ಯಕ್ತಿಗಳಿಗಿಂತ ಸಾಕ್ಷಿಗಳು, ಹೊಣೆಗಾರರು, ಆಳುಗಳು ಹೆಚ್ಚಿನ ಪ್ರಮಾಣವನ್ನು ಒದಗಿಸುವುದುಂಟು. ಆದುದರಿಂದ ಅವರ ಹೆಸರುಗಳನ್ನು ಬಿಟ್ಟು ಸಾರಾಂಶವನ್ನಷ್ಟೆ ತೆಗೆದುಕೊಳ್ಳುವುದು ಸಂಶೋಧಕನಿಗೆ ತರವಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ರಿಜಿಸ್ಟರು ತಂದೆಯ ಹೆಸರಿನಿಂದ ನಡೆಯುತ್ತದೆ. ಅದನ್ನೇ ಅನುಸರಿಸಿದರೆ ಈ ಮನೆತನದ ಕಥೆ ಗಂಡುಸಂತತಿಯೊಡನೆ ನಿಂತುಹೋಗುತ್ತಿತ್ತು. ರಾಬರ್ಟ್ ಆರ್ಡನ್ನನ ಕಿರಿಯ ಮಗಳು, ರಿಚರ್ಡ್ ಹ್ಯಾಥವೇಯ ಮಗಳು, ಕವಿಯ ತಂಗಿ, ಅವನ ಮೊಮ್ಮಗಳು: ಭೂಮಿಯೂ ಮನೆಯೂ ನೆನಪೂ ಕೈಯಿಂದ ಕೈಗೆ ದಾಟಿದ್ದು ಇವರ ಮೂಲಕ, ಇವರನ್ನು ತೋರಿಸುವುವು ಮರಣಶಾಸನಗಳು. ಪಿತೃಪರಂಪರೆಯನ್ನು ಏಳು ತಲೆಗಳವರೆಗೆ ಎಣಿಸುವ ಪದ್ಧತಿಯ ನಾಡಿನಲ್ಲಿಯೂ ಪಂಪನ ತಾಯಿಯ ಹೆಸರನ್ನು ತಿಳಿಯಲು ಅವನ ಸೋದರನ ಶಾಸನವನ್ನು ಆಶ್ರಯಿಸಬೇಕಾಗಿ ಬಂತು. ಕಾವ್ಯದ ಪೀಠಿಕೆಯಲ್ಲಿಯೂ ವಂಶಾವಳಿಯಲ್ಲಿಯೂ ಕಾಣದವರನ್ನು ದಾನಪತ್ರ, ಕ್ರಯಪತ್ರ, ವ್ಯಾಜ್ಯದ ತೀರ್ಪುಗಳಲ್ಲಿ ಹುಡುಕುವ ಕೆಲಸವು ಕವಿಚರಿತ್ರೆಗೆ ಹೊರಗಿನದಲ್ಲವೆಂಬುದನ್ನು ಈ ಒಂದು ಒಕ್ಕಲು ಮನೆತನದ ವೃತ್ತಾಂತವು ತೋರಿಸಿಕೊಡುತ್ತದೆ.